ಅವಧಿಗೆ ಮುನ್ನ ಸವೆಯುವ ಕ್ಲಚ್: ಸತ್ತೇಗಾಲದ ಒಂದು ಸಂವಾದ

ಎಂಜಿನ್ನಿನ ತಿರುಗುವಿಕೆಯನ್ನು ಬೇಕಾದಾಗ ಗೇರ್ ಬಾಕ್ಸಿಗೆ ಕೂಡಿಸಿ, ಬೇಡವಾದಾಗ ಬಿಡಿಸುವ ಭಾಗ ಕ್ಲಚ್. ಎಂಜಿನ್ನಿನ ತುದಿಯಲ್ಲಿರುವ ಫ್ಲೈವೀಲ್‌ಗೂ ಅದಕ್ಕೆ ಬೋಲ್ಟ್ ಹಾಕಿ ಕೂರಿಸಿದ ಪ್ರೆಷರ್ ಪ್ಲೇಟಿಗೂ ನಡುವೆ ಒಂದು ತೆಳು ತಟ್ಟೆ ಇರುತ್ತದೆ. ಅದರ ಎರಡು ಮುಖಕ್ಕೂ ಘರ್ಷಣೆಯಿಂದ ಹಿಡಿತ ಕೊಡುವ ಲೈನಿಂಗನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಇದೇ ಕ್ಲಚ್ ಪ್ಲೇಟ್. ಪ್ರೆಷರ್ ಪ್ಲೇಟಿನೊಳಗಿನ ಡಯಾಫ್ರಾಂ ಸ್ಪ್ರಿಂಗ್ ಈ ತಟ್ಟೆಯನ್ನು ಫ್ಲೈವೀಲ್‌ಗೆ ಸದಾ ಒತ್ತಿ ಹಿಡಿದಿರುತ್ತದೆ. ಪೆಡಲ್ ತುಳಿದರೆ ರಿಲೀಸ್ ಬೇರಿಂಗ್ ಮುಂದೆ ಸರಿದು ಸ್ಪ್ರಿಂಗಿನ ಬೆರಳುಗಳನ್ನು ಒತ್ತುತ್ತದೆ, ಹಿಡಿತ ಸಡಿಲಾಗುತ್ತದೆ. ಲೈನಿಂಗ್ ಸವೆಯುವುದು ಜಾರುವಾಗ ಮಾತ್ರ. ಪೂರ್ತಿ ಹಿಡಿದಾಗಲೂ ಪೂರ್ತಿ ಬಿಟ್ಟಾಗಲೂ ಅದಕ್ಕೆ ಸವೆತವಿಲ್ಲ.

ಸಾಧಾರಣ ಬಳಕೆಯಲ್ಲಿ ಕಾರಿನ ಕ್ಲಚ್ 80,000 ಕಿ.ಮೀ.ನಿಂದ ಲಕ್ಷ ಕಿ.ಮೀ.ವರೆಗೆ, ಜೋಪಾನವಾಗಿ ಓಡಿಸಿದರೆ ಅದಕ್ಕೂ ಮೇಲೆ ಬಾಳುತ್ತದೆ. 30-40 ಸಾವಿರದೊಳಗೆ ಹೋಯಿತೆಂದರೆ ಕಾರಣ ಹುಡುಕಲೇಬೇಕು. ಸತ್ತೇಗಾಲದ ಸುತ್ತಿನ ದಾರಿಗಳಲ್ಲಿ ಕ್ಲಚ್ಚಿಗೆ ಕೆಲಸ ಹೆಚ್ಚು. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ಹಾಯ್ದು ಬರುವ ರಾಷ್ಟ್ರೀಯ ಹೆದ್ದಾರಿ 948 ಇಲ್ಲಿ ಕಾವೇರಿ ದಾಟಿ ಕೊಳ್ಳೇಗಾಲದ ಕಡೆ ಹೋಗುತ್ತದೆ. ಅಲ್ಲಿಂದ ಒಂದು ದಾರಿ ಹನೂರು, ಕೌದಳ್ಳಿ, ತಾಳಬೆಟ್ಟದ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಏರುತ್ತದೆ, ಇನ್ನೊಂದು ಯಳಂದೂರಿನ ಮೇಲೆ ಬಿಳಿಗಿರಿರಂಗನ ಬೆಟ್ಟಕ್ಕೆ. ಕೆಳಗಿನ ಮಾತುಕತೆ ಈ ಭಾಗದ ಒಬ್ಬ ನಿವೃತ್ತ ಮೇಷ್ಟ್ರಿಗೂ ಒಬ್ಬ ಕಾರ್ ಮೆಕ್ಯಾನಿಕ್ಕಿಗೂ ನಡುವಿನದು.

ಮೇಷ್ಟ್ರು: ಕ್ಲಚ್ ಬೇಗ ಹೋಯಿತು ಅಂದ ಕೂಡಲೇ ಎಲ್ಲರೂ ಓಡಿಸಿದವನ ಕಾಲಿನ ಮೇಲೆ ತಪ್ಪು ಹೊರಿಸುತ್ತಾರಲ್ಲಪ್ಪ. ಅದು ಸರಿಯೇ?

ಮೆಕ್ಯಾನಿಕ್: ಬಹಳ ಸಲ ಸರಿ, ಯಾವಾಗಲೂ ಅಲ್ಲ ಮೇಷ್ಟ್ರೇ. ಓಡಿಸುವ ರೀತಿ ಒಂದು ಕಾರಣ. ಪೆಡಲಿನಿಂದ ಬೇರಿಂಗಿನವರೆಗಿನ ಕೇಬಲ್ ಅಥವಾ ಎಣ್ಣೆಯ ವ್ಯವಸ್ಥೆ ಎರಡನೆಯದು. ಪ್ಲೇಟಿಗೆ ಎಣ್ಣೆ ತಾಗುವುದು ಮೂರನೆಯದು. ಹಿಂದೆ ಯಾರೋ ಕ್ಲಚ್ ಹಾಕಿದ ರೀತಿ ಸರಿಯಿಲ್ಲದಿರುವುದು, ಹಾಕಿದ ಸಾಮಾನೇ ಡೂಪ್ಲಿಕೇಟ್ ಆಗಿರುವುದು ನಾಲ್ಕನೆಯದು. ಗೇರ್ ಬಾಕ್ಸ್ ಇಳಿಸದೆ ಇವನ್ನು ಪೂರ್ತಿ ಬೇರ್ಪಡಿಸಿ ಹೇಳಲು ಆಗುವುದಿಲ್ಲ. ಆದರೆ ಇಳಿಸುವ ಮೊದಲೇ ಅರ್ಧ ದಾರಿ ಸಾಗಬಹುದು. ಪ್ಲೇಟ್ ಹೋಗಿದೆ, ಹೊಸದು ಹಾಕಿ ಎನ್ನುವುದಷ್ಟೇ ಆದರೆ ಹೊಸ ಪ್ಲೇಟೂ ಹಳೆಯದರ ದಾರಿ ಹಿಡಿಯುತ್ತದೆ.

ಮೇಷ್ಟ್ರು: ಕಿಲೋಮೀಟರ್ ಲೆಕ್ಕವನ್ನೇ ನಂಬಿ ಬೇಗ ಹೋಯಿತು ಎನ್ನಬಹುದೇ?

ಮೆಕ್ಯಾನಿಕ್: ಪೂರ್ತಿ ನಂಬುವಂತಿಲ್ಲ. ಹೆದ್ದಾರಿಯಲ್ಲಿ ಟಾಪ್ ಗೇರಿನಲ್ಲಿ 100 ಕಿ.ಮೀ. ಓಡಿದ ಕಾರು ನಾಲ್ಕೈದು ಸಲ ಕ್ಲಚ್ ಬಳಸಿರಬಹುದು. ಕೊಳ್ಳೇಗಾಲದ ಪೇಟೆಯೊಳಗೆ ಓಡಾಡಿದ ಕಾರು 5 ಕಿ.ಮೀ.ನಲ್ಲೇ ಅದರ ಹತ್ತು ಪಟ್ಟು ಬಳಸಿರುತ್ತದೆ. ಪ್ಲೇಟಿನ ಆಯುಸ್ಸನ್ನು ನಿರ್ಧರಿಸುವುದು ಅದು ಎಷ್ಟು ಸಲ ಜಾರಿತು, ಜಾರುವಾಗ ಎಷ್ಟು ಕಾದಿತು ಎಂಬುದು. ಸೆಕೆಂಡ್ ಹ್ಯಾಂಡ್ ಕಾರಾದರೆ ಹಿಂದಿನ ಮಾಲೀಕರ ಲೆಕ್ಕ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಮೊದಲು ಕೇಳಬೇಕಾದ್ದು, ಈ ಕಾರು ಯಾವ ದಾರಿಯಲ್ಲಿ ಓಡಿತು, ಎಷ್ಟು ಜನ ಓಡಿಸುತ್ತಾರೆ, ಹಿಂದೆ ಯಾವಾಗ ಕ್ಲಚ್ ಹಾಕಿಸಿದ್ದು ಎಂದು.

ಮೇಷ್ಟ್ರು: ಸವೆಯುತ್ತಿರುವ ಕ್ಲಚ್ ಮೊದಲು ತೋರಿಸುವ ಗುರುತು ಯಾವುದು?

ಮೆಕ್ಯಾನಿಕ್: ಟಾಪ್ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸದ್ದು ಏರುತ್ತದೆ, ಆರ್‌ಪಿಎಂ ಮುಳ್ಳು ಮೇಲೆ ಹೋಗುತ್ತದೆ, ವೇಗ ಮಾತ್ರ ಏರುವುದಿಲ್ಲ. ರೇಸ್ ಕೊಟ್ಟರೂ ಗಾಡಿ ಎಳೆಯುತ್ತಿಲ್ಲ ಎನ್ನುತ್ತಾರಲ್ಲ, ಅದು ಇದೇ. ಮೊದಲ ಗೇರಿನಲ್ಲಿ ಈ ದೋಷ ಬೇಗ ತೋರುವುದಿಲ್ಲ, ಯಾಕೆಂದರೆ ಅಲ್ಲಿ ಚಕ್ರವನ್ನು ತಿರುಗಿಸಲು ಕ್ಲಚ್ ಮೇಲೆ ಬೀಳುವ ಹೊರೆ ಕಡಿಮೆ. ಟಾಪ್ ಗೇರಿನಲ್ಲಿ ಅದೇ ಹೊರೆ ಹಲವು ಪಟ್ಟಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಸುಮ್ಮನೆ ಓಡಿಸುವವರಿಗೆ ತಿಂಗಳುಗಟ್ಟಲೆ ಗೊತ್ತಾಗದೇ ಇರಬಹುದು. ಹನೂರು ದಾಟಿ ಏರು ಶುರುವಾದಾಗ ಒಮ್ಮೆಲೇ ಬಯಲಾಗುತ್ತದೆ.

ಎರಡನೆಯದು ಪೆಡಲ್. ಕೇಬಲ್ ಕ್ಲಚ್ ಇರುವ ಕಾರಿನಲ್ಲಿ ಲೈನಿಂಗ್ ಸವೆದಂತೆ ಸ್ಪ್ರಿಂಗಿನ ಬೆರಳುಗಳು ಬೇರಿಂಗಿನ ಕಡೆಗೆ ಸರಿಯುತ್ತವೆ. ಹೀಗಾಗಿ ಪೆಡಲಿನ ಮೇಲ್ತುದಿಯ ಸಡಿಲ ಕಡಿಮೆಯಾಗುತ್ತ, ಕ್ಲಚ್ ಹಿಡಿಯುವ ಜಾಗ ಮೇಲೆ ಮೇಲೆ ಬರುತ್ತದೆ. ಪೆಡಲ್ ಬಿಗಿಯೂ ಆಗುತ್ತದೆ. ಮೂರನೆಯದು ವಾಸನೆ. ಲೈನಿಂಗ್ ಕಾದಾಗ ಬರುವ ಸುಟ್ಟ ಕಮಟು ಒಮ್ಮೆ ಮೂಗಿಗೆ ಬಿದ್ದರೆ ಮರೆಯುವುದಿಲ್ಲ.

ಮೇಷ್ಟ್ರು: ಬೆಟ್ಟ ಇಳಿಯುವಾಗಲೂ ಸುಟ್ಟ ವಾಸನೆ ಬರುತ್ತದೆ. ಅದೂ ಕ್ಲಚ್ಚೇ?

ಮೆಕ್ಯಾನಿಕ್: ಇಳಿಯುವಾಗ ಬರುವುದು ಹೆಚ್ಚಾಗಿ ಬ್ರೇಕಿನದು. ಚಕ್ರದ ಬಳಿ ವಾಸನೆ ಜೋರಾಗಿದ್ದರೆ, ಒಂದು ಚಕ್ರದ ಹತ್ತಿರ ಕೈ ಹಿಡಿದಾಗ ಶಾಖ ಉಳಿದವಕ್ಕಿಂತ ಹೆಚ್ಚು ಬಡಿದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಚಕ್ರವನ್ನು ಮುಟ್ಟಬಾರದು, ಸುಡುತ್ತದೆ. ಬಾನೆಟ್ಟಿನ ಕೆಳಗೆ, ಎಂಜಿನ್ನೂ ಗೇರ್ ಬಾಕ್ಸೂ ಸೇರುವ ಕಡೆಯಿಂದ ಬಂದರೆ ಕ್ಲಚ್. ಈ ಎರಡಕ್ಕೂ ಸಂಬಂಧವೂ ಇದೆ. ಹ್ಯಾಂಡ್ ಬ್ರೇಕ್ ಪೂರ್ತಿ ಬಿಡದೆ, ಅಥವಾ ಬ್ರೇಕ್ ಕ್ಯಾಲಿಪರ್ ತುಕ್ಕು ಹಿಡಿದು ಪ್ಯಾಡ್ ಸದಾ ಉಜ್ಜುತ್ತಿದ್ದರೆ, ಪ್ರತಿ ಸಲ ಹೊರಡುವಾಗಲೂ ಕ್ಲಚ್ ಆ ಹೊರೆಯನ್ನೂ ಎಳೆಯಬೇಕು. ಹೊಸ ಕ್ಲಚ್ ಹಾಕುವ ಮೊದಲು ನಾಲ್ಕೂ ಚಕ್ರವನ್ನು ಜಾಕ್ ಮೇಲೆ ಎತ್ತಿ ಕೈಯಲ್ಲಿ ತಿರುಗಿಸಿ ನೋಡಬೇಕು. ಹತ್ತು ನಿಮಿಷದ ಕೆಲಸ, ಆದರೂ ಮಾಡುವವರು ಕಡಿಮೆ.

ಮೇಷ್ಟ್ರು: ಪಿಕಪ್ ಇಲ್ಲ ಎಂಬುದಕ್ಕೆ ಬೇರೆ ಕಾರಣಗಳೂ ಇರುತ್ತವಲ್ಲ?

ಮೆಕ್ಯಾನಿಕ್: ಇರುತ್ತವೆ. ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಟರ್ಬೋ ಇರುವ ಗಾಡಿಯಲ್ಲಿ ಗಾಳಿಯ ಹೋಸ್ ಒಡೆದಿರಬಹುದು. ಎಂಜಿನ್ ದೋಷವಾದರೆ ಆಕ್ಸಿಲರೇಟರ್ ಒತ್ತಿದರೂ ಆರ್‌ಪಿಎಂ ಏರುವುದಿಲ್ಲ, ವೇಗವೂ ಏರುವುದಿಲ್ಲ. ಕ್ಲಚ್ ಜಾರುತ್ತಿದ್ದರೆ ಆರ್‌ಪಿಎಂ ಮಾತ್ರ ಏರುತ್ತದೆ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಕ್ಲಚ್ ಸೆಟ್ ಪೂರ್ತಿ ಬದಲಿಸಿಕೊಂಡು, ದೋಷವನ್ನು ಹಾಗೇ ಉಳಿಸಿಕೊಂಡವರು ಇದ್ದಾರೆ.

ಮೇಷ್ಟ್ರು: ಇದನ್ನು ಪರೀಕ್ಷಿಸುವುದು ಹೇಗೆ?

ಮೆಕ್ಯಾನಿಕ್: ಖಾಲಿ ರಸ್ತೆಯಲ್ಲಿ ಗಂಟೆಗೆ 40-50 ಕಿ.ಮೀ. ವೇಗದಲ್ಲಿ ನಾಲ್ಕನೇ ಅಥವಾ ಟಾಪ್ ಗೇರ್ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಬೇಕು. ಮುಳ್ಳೂ ವೇಗವೂ ಜೊತೆಜೊತೆಯಾಗಿ, ನಿಧಾನವಾಗಿ ಏರಿದರೆ ಕ್ಲಚ್ ಸರಿ. ಮುಳ್ಳು ಹಾರಿ ವೇಗ ಹಿಂದುಳಿದರೆ ಜಾರುತ್ತಿದೆ. ಏರುದಾರಿ ಸಿಕ್ಕರೆ ಇನ್ನೂ ಸ್ಪಷ್ಟ. ಆರ್‌ಪಿಎಂ ಮೀಟರ್ ಇಲ್ಲದ ಹಳೆಯ ಗಾಡಿಯಲ್ಲಿ ಕಿವಿಯೇ ಮೀಟರ್.

ಇನ್ನೊಂದು ನಿಂತಲ್ಲೇ ಮಾಡುವ ಪರೀಕ್ಷೆ. ಸಮತಟ್ಟು ಜಾಗ, ಚಕ್ರಕ್ಕೆ ಕಲ್ಲು, ಹ್ಯಾಂಡ್ ಬ್ರೇಕ್ ಪೂರ್ತಿ, ಕಾರಿನ ಮುಂದೆ ಹಿಂದೆ ಯಾರೂ ಇರಬಾರದು. ನಾಲ್ಕನೇ ಗೇರ್ ಹಾಕಿ, ಸ್ವಲ್ಪ ರೇಸ್ ಕೊಟ್ಟು, ಬ್ರೇಕ್ ಒತ್ತಿ ಹಿಡಿದು ಕ್ಲಚ್ ಬಿಡಬೇಕು. ಎಂಜಿನ್ ಕೂಡಲೇ ನಿಂತುಹೋದರೆ ಕ್ಲಚ್ ಹಿಡಿಯುತ್ತಿದೆ. ತಡವಾಗಿ, ಎಳೆದಾಡಿ ನಿಂತರೆ ಸವೆದಿದೆ. ನಿಲ್ಲದೇ ಓಡುತ್ತಿದ್ದರೆ ಪ್ಲೇಟ್ ಮುಗಿದಿದೆ. ಇದನ್ನು ಒಂದು ಸಲ ಮಾಡಿದರೆ ಸಾಕು. ಮತ್ತೆ ಮತ್ತೆ ಮಾಡಿದರೆ ಪರೀಕ್ಷೆಯೇ ಪ್ಲೇಟನ್ನು ಸುಡುತ್ತದೆ.

ಮೇಷ್ಟ್ರು: ಜಾರದೇ ಇದ್ದು ಗೇರ್ ಬೀಳುವುದೇ ಕಷ್ಟ ಎನ್ನುವವರೂ ಇದ್ದಾರೆ.

ಮೆಕ್ಯಾನಿಕ್: ಅದು ಉಲ್ಟಾ ಕಾಯಿಲೆ. ಪೆಡಲ್ ಪೂರ್ತಿ ತುಳಿದರೂ ಪ್ಲೇಟ್ ಬಿಡುತ್ತಿಲ್ಲ. ರಿವರ್ಸ್ ಹಾಕಿದರೆ ಕರಕರ ಎನ್ನುತ್ತದೆ, ಗೇರಿನಲ್ಲಿ ನಿಲ್ಲಿಸಿ ಕ್ಲಚ್ ಒತ್ತಿ ಹಿಡಿದರೂ ಕಾರು ಮುಂದಕ್ಕೆ ಜಗ್ಗುತ್ತದೆ. ಕೇಬಲ್ ಉದ್ದವಾಗಿರಬಹುದು, ಎಣ್ಣೆಯ ಪೈಪಿನಲ್ಲಿ ಗಾಳಿ ಸೇರಿರಬಹುದು, ಪ್ಲೇಟ್ ಬಾಗಿರಬಹುದು. ಅಂಗಡಿಯಲ್ಲಿ ಕೊಂಡ ದಪ್ಪ ಮ್ಯಾಟ್ ಮಡಚಿ ಪೆಡಲಿನ ಹಿಂದೆ ಸೇರಿಕೊಂಡು ಪೂರ್ತಿ ತುಳಿಯಲು ಬಿಡದಿರುವುದೂ ಉಂಟು. ಮೊದಲು ಮ್ಯಾಟ್ ತೆಗೆದು ನೋಡಬೇಕು. ಹೀಗೆ ಅರೆಬರೆ ಬಿಡುವ ಕ್ಲಚ್ಚೂ ಪ್ರತಿ ಗೇರ್ ಬದಲಾವಣೆಯಲ್ಲಿ ಉಜ್ಜಿ ಸವೆಯುತ್ತದೆ.

ಮೇಷ್ಟ್ರು: ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ನಿಲ್ಲಿಸುವುದು ಕೆಟ್ಟದ್ದು ಎನ್ನುತ್ತಾರೆ. ಎಷ್ಟು ಕೆಟ್ಟದ್ದು? ಲೆಕ್ಕ ಇದೆಯೇ?

ಮೆಕ್ಯಾನಿಕ್: ಲೆಕ್ಕ ಇದೆ ಮೇಷ್ಟ್ರೇ, ನಿಮ್ಮ ಭೌತಶಾಸ್ತ್ರದ್ದೇ. ಜನ, ಸಾಮಾನು ಸೇರಿ 1,200 ಕೆ.ಜಿ. ತೂಗುವ ಒಂದು ಸಣ್ಣ ಕಾರು ಎಂದಿಟ್ಟುಕೊಳ್ಳಿ. ದಾರಿ 10 ಮೀಟರಿಗೆ 1 ಮೀಟರ್ ಏರುತ್ತದೆ. ಕಾರನ್ನು ಹಿಂದಕ್ಕೆ ಎಳೆಯುವ ಬಲ ಸುಮಾರು 1,170 ನ್ಯೂಟನ್. ಚಕ್ರದ ತ್ರಿಜ್ಯ 28 ಸೆಂ.ಮೀ., ಮೊದಲ ಗೇರಿನ ಒಟ್ಟು ಅನುಪಾತ ಸುಮಾರು 15 ಆದರೆ ಕ್ಲಚ್ ಮೇಲೆ ಬೀಳುವ ತಿರುಚು ಬಲ ಸುಮಾರು 22 ನ್ಯೂಟನ್-ಮೀಟರ್. ಬ್ರೇಕ್ ಹಿಡಿಯದೆ, ಎಂಜಿನ್ನನ್ನು 1,500 ಆರ್‌ಪಿಎಂನಲ್ಲಿ ಇಟ್ಟು, ಹಾಫ್ ಕ್ಲಚ್ಚಿನಲ್ಲೇ ಕಾರನ್ನು ಅಲ್ಲಾಡದಂತೆ ನಿಲ್ಲಿಸಿದರೆ ಪ್ಲೇಟಿನ ಮೇಲೆ ಹುಟ್ಟುವ ಶಾಖ ಸುಮಾರು ಮೂರೂವರೆ ಕಿಲೋವಾಟ್. ಮೂರು ದೊಡ್ಡ ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೇ ಹಚ್ಚಿ ಆ ತೆಳು ತಟ್ಟೆಯ ಮೇಲೆ ಇಟ್ಟಂತೆ.

ಮೇಷ್ಟ್ರು: ಸಮತಟ್ಟು ದಾರಿಯಲ್ಲಿ ಹೊರಡುವುದಕ್ಕೆ ಹೋಲಿಸಿದರೆ?

ಮೆಕ್ಯಾನಿಕ್: ಅದೇ ಕಾರು ಸಮತಟ್ಟಿನಲ್ಲಿ 1,500 ಆರ್‌ಪಿಎಂನಲ್ಲಿ ಮೊದಲ ಗೇರಿನಲ್ಲಿ ಹೊರಟರೆ, ಕ್ಲಚ್ ಪೂರ್ತಿ ಹಿಡಿಯುವಾಗ ವೇಗ ಗಂಟೆಗೆ ಸುಮಾರು ಹತ್ತೂವರೆ ಕಿ.ಮೀ. ಅಷ್ಟರಲ್ಲಿ ಕಾರಿಗೆ ಎಷ್ಟು ಚಲನಶಕ್ತಿ ಬಂದಿದೆಯೋ ಹೆಚ್ಚುಕಡಿಮೆ ಅಷ್ಟೇ ಶಾಖ ಪ್ಲೇಟಿನಲ್ಲಿ ಹುಟ್ಟುತ್ತದೆ: ಸುಮಾರು 5 ಕಿಲೋಜೌಲ್. ಏರಿನಲ್ಲಿ ಹತ್ತು ಸೆಕೆಂಡ್ ಹಾಫ್ ಕ್ಲಚ್ಚಿನಲ್ಲಿ ನಿಂತರೆ 35 ಕಿಲೋಜೌಲ್. ಒಂದು ಇಂಚೂ ಮುಂದೆ ಹೋಗದೆ ಏಳು ಸಲ ಹೊರಟಷ್ಟು ಸವೆತ.

ಇದರಲ್ಲೇ ಇನ್ನೆರಡು ವಿಷಯ ಅಡಗಿವೆ. ರೇಸ್ ಎರಡು ಪಟ್ಟು ಮಾಡಿ, 3,000 ಆರ್‌ಪಿಎಂನಲ್ಲಿ ಕ್ಲಚ್ ಬಿಟ್ಟು ಹೊರಟರೆ ಶಾಖ ನಾಲ್ಕು ಪಟ್ಟಾಗುತ್ತದೆ, ಯಾಕೆಂದರೆ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎರಡನೇ ಗೇರಿನಲ್ಲಿ ಹೊರಡುವ ಅಭ್ಯಾಸವೂ ಹಾಗೇ, ಶಾಖ ಮೂರು ಪಟ್ಟಿಗಿಂತ ಹೆಚ್ಚು. ರೋಡ್ ಹಂಪ್ ಮೇಲೆ ಗಾಡಿಯನ್ನು ಪೂರ್ತಿ ನಿಲ್ಲಿಸಿ, ಮೊದಲ ಗೇರಿಗೆ ಇಳಿಸಲು ಬೇಸರಪಟ್ಟು ಎರಡನೇ ಗೇರಿನಲ್ಲೇ ಎಳೆಸುವವರು ಎಷ್ಟು ಮಂದಿ! ಅವರಿಗೆ ಈ ಲೆಕ್ಕ ತಿಳಿಯಬೇಕು.

ಮೇಷ್ಟ್ರು: ಹಾಗಾದರೆ ಈ ಕಡೆಯ ದಾರಿಗಳಲ್ಲಿ ಎಲ್ಲೆಲ್ಲಿ ಕ್ಲಚ್ ಸುಡುತ್ತದೆ?

ಮೆಕ್ಯಾನಿಕ್: ಏರು ಮಾತ್ರ ಸುಡುವುದಿಲ್ಲ. ಏರಿನ ಜೊತೆ ಸಾಲು ಸೇರಿದಾಗ ಸುಡುತ್ತದೆ. ಶಿವರಾತ್ರಿ, ಯುಗಾದಿ, ದೀಪಾವಳಿ, ಅಮಾವಾಸ್ಯೆಗಳಲ್ಲಿ ಮಹದೇಶ್ವರ ಬೆಟ್ಟಕ್ಕೆ ವಾಹನಗಳ ಸಾಲು. ತಾಳಬೆಟ್ಟದಿಂದ ಮೇಲಕ್ಕೆ ಬಸ್ಸಿನ ಹಿಂದೆ ಸಿಕ್ಕಿಕೊಂಡರೆ ತಿರುವು ತಿರುವಿಗೂ ನಿಂತು ಹೊರಡಬೇಕು. ಶಿವರಾತ್ರಿಗೆ ಮುಂಚೆ ಪಾದಯಾತ್ರೆಯ ಜನ ರಸ್ತೆಯಲ್ಲೇ ನಡೆಯುತ್ತಿರುತ್ತಾರೆ, ಕಾರು ಅವರ ನಡಿಗೆಯ ವೇಗದಲ್ಲೇ ಹೋಗಬೇಕು. ಆ ವೇಗ ಬಹುತೇಕ ಕಾರುಗಳ ಮೊದಲ ಗೇರಿನ ಐಡಲಿಂಗ್ ವೇಗಕ್ಕಿಂತಲೂ ಕಡಿಮೆ. ಆಗ ಕಾಲು ತಾನಾಗಿ ಹಾಫ್ ಕ್ಲಚ್ಚಿಗೆ ಹೋಗುತ್ತದೆ. ಜನವರಿಯ ಚಿಕ್ಕಲ್ಲೂರು ಜಾತ್ರೆಯಲ್ಲೂ ಇದೇ. ಮಳೆಗಾಲದಲ್ಲಿ ಕಾವೇರಿ ತುಂಬಿದಾಗ ಭರಚುಕ್ಕಿ ಜಲಪಾತದ ದಾರಿಯಲ್ಲಿ ಭಾನುವಾರ ಕಾರುಗಳು ಅಡಿ ಅಡಿ ಸರಿಯುತ್ತವೆ. ಚಾಮರಾಜನಗರ ದಾಟಿ ಹಾಸನೂರಿನ ಮೇಲೆ ಬಣ್ಣಾರಿಗೆ ಹೋಗುವವರಿಗೆ ದಿಂಬಂ ಘಾಟಿಯ 27 ಕಡಿದಾದ ತಿರುವುಗಳಿವೆ. ವಾಪಸ್ ಬರುವಾಗ ಲಾರಿಯ ಹಿಂದೆ ಅದನ್ನು ಹತ್ತುವುದು ಕ್ಲಚ್ಚಿಗೆ ದೊಡ್ಡ ಪರೀಕ್ಷೆ.

ಮೇಷ್ಟ್ರು: ಅಂಥ ಕಡೆ ಏನು ಮಾಡಬೇಕು?

ಮೆಕ್ಯಾನಿಕ್: ಮುಂದಿನ ಗಾಡಿಗೆ ಅಂಟಿಕೊಳ್ಳದೆ ಜಾಗ ಬಿಡಬೇಕು. ಜಾಗವಾದ ಮೇಲೆ ಮೊದಲ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಒಂದಷ್ಟು ದೂರ ಹೋಗಿ ನಿಲ್ಲಬೇಕು. ನಿಂತ ಕೂಡಲೇ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಕಾಲು ಪೆಡಲಿನಿಂದ ಕೆಳಗೆ. ಹೊರಡುವಾಗ ಹ್ಯಾಂಡ್ ಬ್ರೇಕ್ ಹಿಡಿದಿರುವಂತೆಯೇ ಕ್ಲಚ್ಚನ್ನು ಹಿಡಿಯುವ ಜಾಗಕ್ಕೆ ತಂದು, ಕಾರಿನ ಮೂಗು ಸ್ವಲ್ಪ ಎದ್ದಾಗ ಬ್ರೇಕ್ ಬಿಟ್ಟರೆ ಹಿಂದೆ ಜಾರುವುದಿಲ್ಲ, ಪ್ಲೇಟೂ ಸುಡುವುದಿಲ್ಲ. ಹೊಸ ಕಾರುಗಳಲ್ಲಿ ಹಿಲ್ ಹೋಲ್ಡ್ ಬಂದಿದೆ. ಬ್ರೇಕಿನಿಂದ ಕಾಲು ತೆಗೆದ ಮೇಲೂ ಅದು ಒಂದೆರಡು ಸೆಕೆಂಡ್ ಕಾರನ್ನು ಹಿಡಿಯುತ್ತದೆ.

ವಾಸನೆ ಬಂದೇಬಿಟ್ಟರೆ ಎಂಜಿನ್ ಆರಿಸುವುದು ಬೇಡ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಕ್ಲಚ್ಚಿನಿಂದ ಕಾಲು ತೆಗೆದು ಎಂಜಿನ್ನನ್ನು ಐಡಲಿಂಗಿನಲ್ಲಿ ಬಿಡಬೇಕು. ಪ್ಲೇಟ್ ಆಗ ಜಾರದೆ ಫ್ಲೈವೀಲ್ ಜೊತೆ ತಿರುಗುತ್ತ ತಣಿಯುತ್ತದೆ. ಕಾಲು ಗಂಟೆ, ಇಪ್ಪತ್ತು ನಿಮಿಷ ಕೊಟ್ಟು ಹೊರಟರೆ ಬಹಳಷ್ಟು ಸಲ ಪ್ಲೇಟ್ ಉಳಿಯುತ್ತದೆ. ವಾಸನೆ ಬಂದರೂ ಹಾಗೇ ಹತ್ತಿಸಿದರೆ ಲೈನಿಂಗಿನ ಅಂಟು ಸುಟ್ಟು ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ. ಆಮೇಲೆ ಅದು ಸರಿಯಾಗಿ ಹಿಡಿಯುವುದೇ ಇಲ್ಲ.

ಇಳಿಯುವಾಗ ಇನ್ನೊಂದು ಅಪಾಯ. ಪೆಟ್ರೋಲ್ ಉಳಿಯುತ್ತದೆಂದು ಗೇರ್ ಹಾಕಿಯೇ ಕ್ಲಚ್ ಒತ್ತಿ ಹಿಡಿದು ಉರುಳಿಸುತ್ತಾರೆ. ಚಿಕ್ಕ ಗೇರಿನಲ್ಲಿ ಹಾಗೆ ವೇಗವಾಗಿ ಇಳಿದರೆ ಚಕ್ರಗಳು ಪ್ಲೇಟನ್ನು ಎಂಜಿನ್ನಿಗಿಂತ ಎಷ್ಟೋ ಹೆಚ್ಚು ವೇಗದಲ್ಲಿ ತಿರುಗಿಸುತ್ತವೆ, ಲೈನಿಂಗ್ ಸಿಡಿದುಹೋಗಬಹುದು. ರಿಲೀಸ್ ಬೇರಿಂಗ್ ಅಷ್ಟು ಹೊತ್ತೂ ಒತ್ತಡದಲ್ಲಿ ಸುತ್ತುತ್ತದೆ. ಎಂಜಿನ್ ತಡೆ ಇಲ್ಲದೆ ಬ್ರೇಕ್ ಕಾಯುತ್ತದೆ. ಬೆಟ್ಟ ಇಳಿಯುವಾಗ ಇದನ್ನು ಯಾರೂ ಮಾಡಬಾರದು.

ಮೇಷ್ಟ್ರು: ಓಡಿಸುವವರು ಚೆನ್ನಾಗಿಯೇ ಓಡಿಸುತ್ತಾರೆ, ಆದರೂ ಸವೆಯಿತು ಎಂದರೆ?

ಮೆಕ್ಯಾನಿಕ್: ಆಗ ಪೆಡಲಿನ ಸಡಿಲ ನೋಡಬೇಕು. ಮಾರುತಿ 800, ಓಮ್ನಿ, ಆಲ್ಟೋದಂಥ ಕಾರುಗಳಲ್ಲಿ ಕೇಬಲ್ ಕ್ಲಚ್. ಪೆಡಲನ್ನು ಕೈಬೆರಳಿನಿಂದ ಒತ್ತಿದಾಗ ಮೊದಲ ಒಂದೆರಡು ಸೆಂ.ಮೀ. ಭಾರವಿಲ್ಲದೆ ಇಳಿಯಬೇಕು. ನಿಖರ ಅಳತೆಗೆ ಆಯಾ ಕಾರಿನ ಕೈಪಿಡಿ ನೋಡಬೇಕು. ಸವೆತದೊಂದಿಗೆ ಈ ಸಡಿಲ ಕರಗುತ್ತದೆ. ಸರ್ವಿಸಿನಲ್ಲಿ ಯಾರೂ ಅದನ್ನು ಸರಿಹೊಂದಿಸದಿದ್ದರೆ ಒಂದು ದಿನ ಸೊನ್ನೆಯಾಗುತ್ತದೆ. ಅಲ್ಲಿಂದ ಮುಂದೆ ಯಾರೂ ಪೆಡಲ್ ಮುಟ್ಟದಿದ್ದರೂ ಬೇರಿಂಗ್ ಸ್ಪ್ರಿಂಗನ್ನು ಒತ್ತಿಕೊಂಡೇ ಇರುತ್ತದೆ. ಹಿಡಿತ ಸಡಿಲಾಗಿ ಪ್ಲೇಟ್ ಜಾರುತ್ತದೆ, ಜಾರಿದಷ್ಟೂ ಸವೆಯುತ್ತದೆ, ಸವೆದಷ್ಟೂ ಒತ್ತಡ ಹೆಚ್ಚುತ್ತದೆ. ಒಂದು ನಟ್ ತಿರುಗಿಸಿ ಉಳಿಸಬಹುದಾಗಿದ್ದ ಪ್ಲೇಟ್ ಹೀಗೆ ಹಾಳಾಗುತ್ತದೆ. ಎಡಗಾಲನ್ನು ಸದಾ ಪೆಡಲಿನ ಮೇಲೆ ಇಟ್ಟುಕೊಂಡು ಓಡಿಸುವವರ ಕಾರಿನಲ್ಲೂ ನಡೆಯುವುದು ಇದೇ. ಅಲ್ಲಿ ಕೇಬಲ್ಲಿನ ಬದಲು ಕಾಲು ಒತ್ತುತ್ತಿರುತ್ತದೆ.

ಕೇಬಲ್ಲೇ ತುಕ್ಕು ಹಿಡಿದು ಒಳಗೆ ಸಿಕ್ಕಿಕೊಂಡರೆ ಪೆಡಲ್ ಪೂರ್ತಿ ಮೇಲೆ ಬರುವುದಿಲ್ಲ. ಕಾಲಿನ ತುದಿಯಿಂದ ಪೆಡಲನ್ನು ಮೇಲಕ್ಕೆ ಎತ್ತಿ ನೋಡಿ. ಅದು ಎತ್ತಿದಷ್ಟು ಏರಿದರೆ ಕೇಬಲ್ ಬದಲಿಸಬೇಕು.

ಮೇಷ್ಟ್ರು: ಹೈಡ್ರಾಲಿಕ್ ಕ್ಲಚ್ಚಿಗೆ ಈ ತೊಂದರೆ ಇಲ್ಲವೇ?

ಮೆಕ್ಯಾನಿಕ್: ಅದು ಸವೆತಕ್ಕೆ ತಾನೇ ಹೊಂದಿಕೊಳ್ಳುತ್ತದೆ, ಪೆಡಲಿನಲ್ಲಿ ಸವೆತ ಅಷ್ಟಾಗಿ ತಿಳಿಯುವುದಿಲ್ಲ. ಅಲ್ಲಿ ಬೇರೆ ದೋಷಗಳಿವೆ. ಪೆಡಲಿಗೂ ಮಾಸ್ಟರ್ ಸಿಲಿಂಡರಿಗೂ ನಡುವಿನ ಕಡ್ಡಿಗೆ ಚೂರೂ ಸಡಿಲವಿಲ್ಲದಿದ್ದರೆ, ಅಥವಾ ಎಣ್ಣೆ ವಾಪಸಾಗುವ ಸಣ್ಣ ರಂಧ್ರ ಕಸದಿಂದ ಮುಚ್ಚಿದ್ದರೆ, ಪೈಪಿನಲ್ಲಿ ಒತ್ತಡ ಉಳಿದುಬಿಡುತ್ತದೆ. ಪರಿಣಾಮ ಅದೇ: ಕಾಲು ತೆಗೆದರೂ ಕ್ಲಚ್ ಅರ್ಧ ಒತ್ತಿಕೊಂಡಿರುತ್ತದೆ. ಎಂಜಿನ್ ಬಿಸಿಯಾದ ಮೇಲೆ ಮಾತ್ರ ಜಾರಿ, ತಣ್ಣಗಿದ್ದಾಗ ಸರಿಯಿದ್ದರೆ ಇದನ್ನು ಶಂಕಿಸಬೇಕು. ಹಲವು ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಎಣ್ಣೆ ಡಬ್ಬಿ. ಮಟ್ಟ ಇಳಿಯುತ್ತಿದ್ದು ಹೊರಗೆ ಸೋರಿಕೆ ಕಾಣದಿದ್ದರೆ, ಗೇರ್ ಬಾಕ್ಸಿನೊಳಗಿನ ರಿಲೀಸ್ ಸಿಲಿಂಡರ್ ಸೋರಿ ಪ್ಲೇಟನ್ನೇ ನೆನೆಸುತ್ತಿರಬಹುದು.

ಮೇಷ್ಟ್ರು: ಸರಿ, ಗೇರ್ ಬಾಕ್ಸ್ ಇಳಿಸಿದ ಮೇಲೆ ಏನೇನು ನೋಡಬೇಕು?

ಮೆಕ್ಯಾನಿಕ್: ಮೊದಲು ಒಂದು ಎಚ್ಚರಿಕೆ. ಒಳಗಿನ ಧೂಳನ್ನು ಗಾಳಿ ಪೈಪಿನಿಂದ ಊದಬಾರದು. ಹಳೆಯ ಲೈನಿಂಗುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಸೇರಿದರೆ ಮಾರಕ. ಒದ್ದೆ ಬಟ್ಟೆಯಿಂದ ಒರೆಸಬೇಕು, ಮುಖಕ್ಕೆ ಮಾಸ್ಕ್ ಬೇಕು. ಗ್ಯಾರೇಜಿನ ಹುಡುಗರಿಗೆ ಇದನ್ನು ಹೇಳಿಕೊಡದಿರುವುದು ದೊಡ್ಡ ತಪ್ಪು.

ಆಮೇಲೆ ಪ್ಲೇಟ್. ಎರಡು ಮುಖವೂ ಸಮನಾಗಿ ಸವೆದು ರಿವೆಟ್ಟಿನ ತಲೆಗೆ ಬಂದಿದ್ದು ಬೇರೆ ಗುರುತೇನೂ ಇಲ್ಲದಿದ್ದರೆ, ಸಹಜವಾಗಿ ಮುಗಿದ ಪ್ಲೇಟ್. ಲೈನಿಂಗಿನ ಮೇಲ್ಮೈಯಿಂದ ರಿವೆಟ್ ತಲೆಗೆ ಆಳ 0.3 ಮಿ.ಮೀ.ಗೆ ಇಳಿದರೆ ಬದಲಿಸುವುದು ವಾಡಿಕೆ. ಲೈನಿಂಗ್ ಕಪ್ಪಾಗಿ ಹೊಳೆಯುತ್ತಿದ್ದು, ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟಿನ ಮುಖದಲ್ಲಿ ನೀಲಿ ಕಲೆ, ಕೂದಲೆಳೆಯಂಥ ಬಿರುಕು ಇದ್ದರೆ ವಿಪರೀತ ಶಾಖ ಕಂಡಿದೆ. ಏರಿನಲ್ಲಿ ನಿಲ್ಲಿಸಿದ್ದೋ, ಹೊರೆ ಹೆಚ್ಚಾದದ್ದೋ, ಸಡಿಲವಿಲ್ಲದ ಕೇಬಲ್ಲೋ ಎಂದು ಬೇರ್ಪಡಿಸುವುದು ಮುಂದಿನ ಕೆಲಸ. ಅದಕ್ಕೆ ಸ್ಪ್ರಿಂಗಿನ ಬೆರಳುಗಳನ್ನು ನೋಡಬೇಕು. ಬೆರಳ ತುದಿಗಳಲ್ಲಿ ಬೇರಿಂಗ್ ಕೊರೆದ ಆಳವಾದ ಗೆರೆ ಇದ್ದರೆ ಬೇರಿಂಗ್ ಸದಾ ತಾಗಿಕೊಂಡಿತ್ತು: ಕಾಲು ಪೆಡಲಿನ ಮೇಲಿತ್ತು, ಇಲ್ಲವೇ ಸಡಿಲವಿರಲಿಲ್ಲ. ಬೆರಳುಗಳು ಸರಿಯಿದ್ದು ಮುಖಗಳು ಮಾತ್ರ ನೀಲಿಯಾಗಿದ್ದರೆ ಏರು, ಹೊರೆ, ಹೊರಡುವ ರೀತಿ ಇವುಗಳ ಕಡೆ ಬೆರಳು ತೋರಿಸಬಹುದು. ಓಡಿಸುವವರ ಮೇಲೆ ತಪ್ಪು ಹೊರಿಸಲು ಇಷ್ಟು ಸಾಕ್ಷಿಯಾದರೂ ಬೇಕು ಮೇಷ್ಟ್ರೇ.

ಮೇಷ್ಟ್ರು: ಎಣ್ಣೆ ತಾಗಿದ್ದರೆ?

ಮೆಕ್ಯಾನಿಕ್: ಪ್ಲೇಟ್ ಒದ್ದೆಯಾಗಿ ಕಪ್ಪು ಕಲೆ ಹಿಡಿದಿರುತ್ತದೆ. ಹೊರಡುವಾಗ ಕಾರು ನಡುಗುತ್ತಿದ್ದರೆ ಇದೂ ಒಂದು ಕಾರಣವಾಗಿರಬಹುದು, ಎಂಜಿನ್ ಮೌಂಟಿಂಗ್ ಹರಿದಿದ್ದರೂ ಅದೇ ನಡುಕ ಬರುತ್ತದೆ. ಎಣ್ಣೆ ಎಲ್ಲಿಂದ ಬಂತು ಎಂಬುದು ಮುಖ್ಯ. ಫ್ಲೈವೀಲ್ ಕಡೆ ಒದ್ದೆಯಿದ್ದು ಎಣ್ಣೆ ಕಪ್ಪಾಗಿದ್ದರೆ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಆಯಿಲ್ ಸೀಲ್. ಗೇರ್ ಬಾಕ್ಸಿನ ಕಡೆ ಒದ್ದೆಯಿದ್ದು ಗಂಧಕದಂಥ ಘಾಟು ವಾಸನೆ ಇದ್ದರೆ ಗೇರ್ ಶಾಫ್ಟಿನ ಸೀಲ್. ಸೀಲ್ ಬದಲಿಸದೆ ಪ್ಲೇಟ್ ಮಾತ್ರ ಹಾಕಿದರೆ ಹಾಕಿದ ಖರ್ಚು ದಂಡ. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ ಮತ್ತೆ ಹಾಕುವುದೂ ಪ್ರಯೋಜನಕ್ಕೆ ಬಾರದ ಕೆಲಸ.

ಇನ್ನು ಪ್ಲೇಟಿನ ನಡುವಿನ ಸಣ್ಣ ಸ್ಪ್ರಿಂಗುಗಳು ಮುರಿದಿದ್ದರೆ ಜರ್ಕ್ ಹೊಡೆಸಿ ಓಡಿಸಿದ್ದಾರೆ, ಅಥವಾ ದೊಡ್ಡ ಗೇರಿನಲ್ಲಿ ತೀರಾ ನಿಧಾನ ಎಳೆಸಿದ್ದಾರೆ. ಒಂದು ಮುಖ ಮಾತ್ರ ಹೆಚ್ಚು ಸವೆದಿದ್ದರೆ ಎದುರಿಗಿನ ಲೋಹದ ಮುಖ ಒರಟಾಗಿದೆ, ಇಲ್ಲವೇ ಪ್ಲೇಟ್ ಶಾಫ್ಟಿನ ಹಲ್ಲುಗಳ ಮೇಲೆ ಸರಾಗವಾಗಿ ಜರುಗುತ್ತಿಲ್ಲ.

ಮೇಷ್ಟ್ರು: ಹೊಸದು ಹಾಕುವಾಗ ಆಗುವ ತಪ್ಪುಗಳು?

ಮೆಕ್ಯಾನಿಕ್: ಪ್ಲೇಟ್ ಮಾತ್ರ ಬದಲಿಸಿ ಶಾಖದಲ್ಲಿ ಬಲ ಕಳೆದುಕೊಂಡ ಪ್ರೆಷರ್ ಪ್ಲೇಟನ್ನೇ ಉಳಿಸುವುದು ಮೊದಲನೆಯದು. ಗೇರ್ ಬಾಕ್ಸ್ ಇಳಿಸುವ ಕೂಲಿ ಹೇಗೂ ಒಂದೇ, ಹಾಗಾಗಿ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸುವುದು ಲಾಭ. ಫ್ಲೈವೀಲ್ ಮುಖದಲ್ಲಿ ಗೆರೆ, ನೀಲಿ ಕಲೆ ಇದ್ದರೆ ಲೇತಿಗೆ ಕೊಟ್ಟು ಸಮ ಮಾಡಿಸಬೇಕು. ಕೆಲವು ಡೀಸೆಲ್ ಕಾರುಗಳ ಡ್ಯುಯಲ್ ಮಾಸ್ ಫ್ಲೈವೀಲನ್ನು ಹಾಗೆ ಲೇತಿಗೆ ಹಾಕುವಂತಿಲ್ಲ, ಹಾಳಾಗಿದ್ದರೆ ಬದಲಿಸಬೇಕು. ಪ್ಲೇಟಿಗೆ ಫ್ಲೈವೀಲ್ ಕಡೆಯ ಮುಖ ಯಾವುದೆಂದು ಗುರುತಿರುತ್ತದೆ, ತಿರುಗಿಸಿ ಹಾಕಿದರೆ ಕ್ಲಚ್ ಬಿಡುವುದೇ ಇಲ್ಲ. ಶಾಫ್ಟಿನ ಹಲ್ಲಿಗೆ ಗ್ರೀಸ್ ಬೇಕು, ಆದರೆ ಸವರಿದಷ್ಟು ಮಾತ್ರ. ಜಾಸ್ತಿಯಾದದ್ದು ಸಿಡಿದು ಲೈನಿಂಗಿಗೆ ತಾಗುತ್ತದೆ. ಗ್ರೀಸ್ ಕೈಯಿಂದ ಹೊಸ ಪ್ಲೇಟಿನ ಮುಖ ಮುಟ್ಟಬಾರದು. ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ಹಾಕಿದ ಮೇಲೆ ಮೊದಲ 500 ಕಿ.ಮೀ. ಹೊಸ ಲೈನಿಂಗ್ ಕೂತುಕೊಳ್ಳುವ ಕಾಲ. ಆಗ ಭಾರ ಹೇರಿ ಬೆಟ್ಟ ಹತ್ತಿಸಬಾರದು, ಬೇರೆ ಗಾಡಿ ಎಳೆಯಬಾರದು. ಹರಕೆ ಇದ್ದರೆ ಆ ಒಂದು ಸಲ ಬಸ್ಸಿನಲ್ಲಿ ಹೋಗಿ ಬನ್ನಿ.

ಮೇಷ್ಟ್ರು: ಕಾರಿನ ಬಗ್ಗೆ ಏನೂ ತಿಳಿಯದವರು ಗ್ಯಾರೇಜಿನಲ್ಲಿ ಏನು ಕೇಳಬೇಕು?

ಮೆಕ್ಯಾನಿಕ್: ಹಳೆಯ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ತೋರಿಸಿ ಎಂದು ಕೇಳಲಿ. ರಿವೆಟ್, ನೀಲಿ ಕಲೆ, ಬೆರಳುಗಳ ತುದಿ, ಎಣ್ಣೆ, ಇಷ್ಟನ್ನು ಕಣ್ಣಾರೆ ನೋಡಲಿ. ಯಾಕೆ ಸವೆಯಿತು ಎಂಬುದಕ್ಕೆ ಮೆಕ್ಯಾನಿಕ್ ಉತ್ತರ ಹೇಳುವವರೆಗೆ ಹೊಸ ಸೆಟ್ ಕೂರಿಸಲು ಒಪ್ಪದಿರಲಿ. ಕೆಲಸ ಮುಗಿದ ಮೇಲೆ ಬಿಲ್ಲಿನಲ್ಲಿ ತಾರೀಕು, ಓಡಿದ ಕಿಲೋಮೀಟರ್, ಕಂಡ ಕಾರಣ, ಪೆಡಲಿನಲ್ಲಿ ಬಿಟ್ಟ ಸಡಿಲ ಎಷ್ಟು ಎಂಬ ನಾಲ್ಕನ್ನೂ ಬರೆಸಿಕೊಳ್ಳಲಿ. ಮುಂದಿನ ಸಲ ಆ ಕಾರನ್ನು ಬಿಚ್ಚುವವರಿಗೆ ಆ ಚೀಟಿ ಬೇಕಾಗುತ್ತದೆ.